ನಿಮ್ಮ ಕಪಾಟಿನಲ್ಲಿ ಕುಳಿತಿರುವ ನನ್ನ ಗುಡ್ಡದ ವಿಳಾಸ

ಮಾಲ್ಖಾನೆಯ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ಮಾನ್ಯ ಸಾಹೇಬರೇ,

ಜಪ್ತಿ ಮಾಡಿದ ಮಾಲನ್ನು ಇಡುವ ನಿಮ್ಮ ಕೋಣೆಯಲ್ಲಿ, ನನ್ನ ಗಂಡನ ಕೈಯಿಂದ ಕಸಿದುಕೊಂಡ ಒಂದು ಯಂತ್ರವಿದೆ. ಅಂಗೈಯಷ್ಟು ಉದ್ದ, ಕಪ್ಪು ಬಣ್ಣ, ನೆತ್ತಿಯ ಮೇಲೆ ಹೆಬ್ಬೆರಳಿನಂಥ ಒಂದು ಕೊಂಬು. ಕಾರಹುಣ್ಣಿಮೆಯ ಹೊತ್ತಿಗೆ ಅದನ್ನು ತೆಗೆದುಕೊಂಡಿರಿ. ಈಗ ಎಳ್ಳಮಾವಾಸ್ಯೆ ಹತ್ತಿರ ಬಂತು. ನಡುವೆ ನನ್ನ ಗಂಡ ತೀರಿಕೊಂಡರು. ಯಂತ್ರವಾದರೂ ಕ್ಷೇಮವಾಗಿದೆ ಎಂದು ನಂಬಿದ್ದೇನೆ. ಅದರ ಹೊಟ್ಟೆಯಲ್ಲಿ ಎರಡು ಸಾಲು ಅಂಕಿಗಳಿವೆ. ಅವು ನನ್ನವು. ಅವನ್ನು ಕೊಡಿ ಎಂದು ಕೇಳಲು ಈ ಪತ್ರ. ನಿಮ್ಮ ಹೆಸರಿಗೆ ಬರೆದ ಪತ್ರಗಳಿಗೆ ನೀವು ಉತ್ತರ ಕೊಡಲಿಲ್ಲ, ಅದಕ್ಕೆ ನಾಲ್ಕು ಜನ ಓದಲೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ. ನಿಮ್ಮ ಹೆಸರನ್ನೂ ಠಾಣೆಯ ಹೆಸರನ್ನೂ ಹಾಕಿಲ್ಲ. ಓದಿದರೆ ನಿಮಗೇ ಗೊತ್ತಾಗುತ್ತದೆ.

ನಾನು ಸಿಂಧನೂರಿನಲ್ಲಿ ಕನ್ನಡ ಶಾಲೆಯ ಶಿಕ್ಷಕಿ. ನನ್ನ ಗಂಡ ಜಿಲಾನಿಸಾಬ್ ಸೌದಿಯ ಮರಳುಗಾಡಿನಲ್ಲಿ ಪೈಪ್‌ಲೈನ್ ಸರ್ವೆ ಮಾಡುವವರ ಜೀಪು ಓಡಿಸಿ ಬಂದವರು. ಅವರ ಜೊತೆಗೆ ಹೋದವರು ಬರುವಾಗ ಟೇಪ್ ರೆಕಾರ್ಡರ್ ತಂದರು, ಕಂಬಳಿ ತಂದರು. ನಮ್ಮವರು ತಂದದ್ದು ಈ ಜಿಪಿಎಸ್. ಬಿಟ್ಟು ಬರುವ ದಿನ ಅಲ್ಲಿಯ ಎಂಜಿನಿಯರ್ ಪ್ರೀತಿಯಿಂದ ಕೈಗಿಟ್ಟನಂತೆ. ಬಯಲಲ್ಲಿ ಹಿಡಿದು ನಿಂತರೆ ಆಕಾಶದ ಉಪಗ್ರಹಗಳನ್ನು ಕೇಳಿ, ನೀವು ಭೂಮಿಯ ಮೇಲೆ ಎಲ್ಲಿ ನಿಂತಿದ್ದೀರಿ ಎಂಬುದನ್ನು ಎರಡು ಸಾಲು ಅಂಕಿಗಳಲ್ಲಿ ಹೇಳುತ್ತದೆ. ಆ ಜಾಗವನ್ನು ನೆನಪಿಟ್ಟುಕೋ ಎಂದರೆ ಇಟ್ಟುಕೊಳ್ಳುತ್ತದೆ. ಇನ್ನೊಂದು ದಿನ ಅಲ್ಲಿಗೆ ಕರೆದುಕೊಂಡು ಹೋಗು ಎಂದರೆ ಬಾಣದ ಗುರುತು ತೋರಿಸಿ ಕರೆದೊಯ್ಯುತ್ತದೆ. ಮಾತನಾಡುವುದಿಲ್ಲ, ಯಾರಿಗೂ ಸುದ್ದಿ ಮುಟ್ಟಿಸುವುದಿಲ್ಲ. ನಿಮ್ಮ ಸಿಬ್ಬಂದಿ ಅದನ್ನು ‘ವೈರ್‌ಲೆಸ್’ ಎಂದು ಕರೆದರು. ಹಾಗಿದ್ದರೆ ನನ್ನ ಕೈಗಡಿಯಾರವೂ ವೈರ್‌ಲೆಸ್ಸೇ, ಅದಕ್ಕೂ ವೈರ್ ಇಲ್ಲ.

ನಮಗೆ ಮಕ್ಕಳಿಲ್ಲ. ರಜೆಯ ದಿನ ಆಡಲು ನಮಗೊಂದು ಆಟವಿತ್ತು, ಅದನ್ನು ನನ್ನ ಗಂಡನೇ ಹುಟ್ಟುಹಾಕಿದ್ದರು. ಒಬ್ಬರು ಎಲ್ಲಾದರೂ ಹೋಗಿ ಒಂದು ತಗಡಿನ ಡಬ್ಬಿ ಬಚ್ಚಿಟ್ಟು, ಆ ಜಾಗವನ್ನು ಯಂತ್ರಕ್ಕೆ ಹೇಳಿ ಬರುವುದು. ಇನ್ನೊಬ್ಬರು ಯಂತ್ರ ಹಿಡಿದು ಹುಡುಕುವುದು. ಮುಕ್ಕುಂದದ ಹೊಳೆದಂಡೆ, ಆರ್.ಎಚ್. ಕ್ಯಾಂಪಿನ ಭತ್ತದ ಗದ್ದೆಗಳ ಆಚೆಯ ದಿಬ್ಬ, ಲಿಂಗಸೂಗೂರಿನ ದಾರಿಯ ಬಂಡೆಗಳು, ಎಲ್ಲಿ ಇಟ್ಟಿಲ್ಲ ನಾವು? ಡಬ್ಬಿಯಲ್ಲಿ ಅವರು ಹಸಿರು ಬಳೆ ಇಟ್ಟಿದ್ದುಂಟು, ಇರುವೆ ಮುತ್ತಿ ಅರ್ಧ ತಿಂದ ಕೊಬ್ಬರಿ ಮಿಠಾಯಿ ಇಟ್ಟಿದ್ದುಂಟು. ಬೀಡಿ ಬಿಡಿಸಿದ ವರ್ಷ ನಾನು ಅವರಿಗಾಗಿ ಒಂದೇ ಒಂದು ಬೀಡಿ ಇಟ್ಟು, ಬೆಂಕಿಪೆಟ್ಟಿಗೆ ಇಡದೆ ಬಂದಿದ್ದೆ. ಅವತ್ತು ಅವರು ಬಂಡೆಯ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಟೀಚರ್, ನೀ ಭಾಳ ಕಿಲಾಡಿ ಬಿಡು,” ಎಂದರು. ಮನೆಯೊಳಗೆ ನಾವು ದಖನಿ ಮಾತಾಡುವವರು. ಆದರೆ ಆಟ ಗುಡ್ಡದ ಮೇಲೆ ನಡೆಯುವುದರಿಂದ ಆಟದ ಮಾತೆಲ್ಲ ಕನ್ನಡದಲ್ಲೇ. ಪಕ್ಕದ ಮನೆಯ ತಿಮ್ಮವ್ವ ಓಣಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು: “ಮಕ್ಕಳಿಲ್ಲಂತ ಇವ್ರೇ ಮಕ್ಕಳಾಗ್ಯಾರ ನೋಡ್ರಿ!” ಆಕೆ ಹಾಗೆ ಅಂದಾಗ ನನಗೆ ಸಿಟ್ಟು ಬರುತ್ತಿರಲಿಲ್ಲ, ಖುಷಿಯಾಗುತ್ತಿತ್ತು.

ಆ ಯಂತ್ರಕ್ಕೆ ಒಂದು ಕೊರತೆ ಇದೆ, ನೀವು ತಿಳಿದಿರಬೇಕು. ಅದು ನಿಮ್ಮನ್ನು ಓಣಿಯವರೆಗೆ ಬಿಡುತ್ತದೆ, ಬಾಗಿಲವರೆಗೆ ಅಲ್ಲ. ಸುಮಾರು ನೂರು ಮೀಟರ್ ಆಚೆ ಈಚೆ ಆಗುತ್ತದೆ. ಆದ್ದರಿಂದ ಡಬ್ಬಿಯನ್ನು ತಗ್ಗಿನಲ್ಲಿಟ್ಟು, ಅದರ ಮೇಲೆ ಗುರುತಿಗೆ ನಾಲ್ಕು ಚಪ್ಪಟೆ ಕಲ್ಲು ಒಂದರ ಮೇಲೊಂದು ಪೇರಿಸಿಡಬೇಕು ಎಂಬುದು ನಮ್ಮ ನಿಯಮ. ಇನ್ನೊಂದು ನಿಯಮವೂ ಇತ್ತು. ಬಚ್ಚಿಟ್ಟವರು ಬಾಯಿ ಬಿಡಬಾರದು.

ಈಗ ಆ ದಿನದ ವಿಷಯಕ್ಕೆ ಬರುತ್ತೇನೆ. ಗಡಿಯಲ್ಲಿ ಯುದ್ಧ ನಡೆದಿತ್ತು, ನಿಮಗೆ ಮೇಲಿನಿಂದ ಹುಕುಂ ಬಂದಿತ್ತು, ಎಲ್ಲ ಒಪ್ಪುತ್ತೇನೆ. ನನ್ನ ಗಂಡ ಮಸ್ಕಿಯ ಕಡೆ ಹೋಗಿ ಡಬ್ಬಿ ಇಟ್ಟು ಬಸ್ಸಿನಲ್ಲಿ ವಾಪಸು ಬರುತ್ತಿದ್ದಾಗ ನಿಮ್ಮವರು ಬಸ್ಸು ನಿಲ್ಲಿಸಿದರು. ಎಲ್ಲರ ಚೀಲ ನೋಡಿದರು, ಎಲ್ಲರ ಹೆಸರು ಕೇಳಿದರು. ಯಂತ್ರ ಸಿಕ್ಕಿತು, ಹೆಸರೂ ಸಿಕ್ಕಿತು. ಯಾವುದನ್ನು ನೋಡಿ ನಿಮಗೆ ಹೆಚ್ಚು ಗಾಬರಿಯಾಯಿತೋ ನಾನು ಕೇಳುವುದಿಲ್ಲ. ಆದರೆ ಇದನ್ನಂತೂ ಕೇಳುತ್ತೇನೆ: ವೈರಿ ದೇಶದವರು ಮಸ್ಕಿಯ ಗುಡ್ಡದಿಂದ ಏನನ್ನು ಕದಿಯುವವರಿದ್ದರು? ಕಲ್ಲನ್ನೇ? ಅಲ್ಲಿರುವ ದೊಡ್ಡ ಗುಟ್ಟೆಂದರೆ ಬಂಡೆಯ ಮೇಲಿನ ಶಾಸನ, ಅದೂ ಎಲ್ಲರೂ ಓದಲಿ ಎಂದೇ ಬಯಲಲ್ಲಿ ಕೊರೆಸಿದ್ದು. ಅರಸ ಪ್ರಜೆಗಳಿಗೆ ಬರೆದದ್ದು ಎರಡು ಸಾವಿರ ವರ್ಷ ಕಳೆದರೂ ಅಲ್ಲೇ ಇದೆ. ಪ್ರಜೆ ಬರೆದದ್ದು ನಿಮ್ಮ ಮೇಜಿನ ಮೇಲೆ ಎರಡು ದಿನ ಉಳಿಯುವುದಿಲ್ಲ.

ಒಂದು ರಾತ್ರಿ ಕೂರಿಸಿಕೊಂಡು ಮರುದಿನ ಬಿಟ್ಟಿರಿ. ಕೇಸು ಹಾಕಲಿಲ್ಲ. ಮನೆಗೆ ಬಂದಾಗ ಅವರ ಎಡಗೆನ್ನೆ ಊದಿತ್ತು. ಗುಡ್ಡದಲ್ಲಿ ಏನು ಮಾಡುತ್ತಿದ್ದೆ ಎಂದು ಮತ್ತೆ ಮತ್ತೆ ಕೇಳಿದಿರಂತೆ. “ಸುಮ್ನ ತಿರುಗಾಡಾಕ ಹೋಗಿದ್ನಿರೀ,” ಎಂದಷ್ಟೇ ಹೇಳಿದರಂತೆ. ನಾನು ಅರಿಸಿನ ಅರೆದು ಹಚ್ಚುತ್ತ ಬೈದೆ. “ಹೆಂಡ್ತಿಗೆ ಒಂದು ಡಬ್ಬಿ ಇಟ್ಟು ಬಂದೀನಿ ಅಂತ ಹೇಳಿದ್ರ ಬಿಡ್ತಿದ್ರಲ್ರೀ!”

“ಹುಚ್ಚಿ, ಡಬ್ಬಿ ಅಂದ ಕೂಡ್ಲೇ ಬಾಂಬು ಅಂತಿದ್ರು. ಗುಡ್ಡಕ್ಕ ಎಳಕೊಂಡು ಹೋಗಿ ಅದನ್ನ ಒಡೀತಿದ್ರು. ಅದು ನಿಂದು. ನೀನ ತೆಗೀಬೇಕು.”

“ಎಲ್ಲಿ ಇಟ್ಟೀರಿ? ಹೇಳ್ರಿ, ನಾನ ಹೋಗಿ ತರ್ತೀನಿ.”

“ಹೇಳಿದ್ರ ಅದೇನು ಆಟ? ಎಂಟು ದಿನದಾಗ ಮಷೀನು ಕೊಡ್ತೀವಿ ಅಂದಾರ. ಈ ಸಲದ್ದು ಸಿಕ್ರ ನೀ ನಗ್ತಿ ನೋಡು.”

ಸಾಹೇಬರೇ, ಊದಿದ ಗೆನ್ನೆಯ ಮನುಷ್ಯ ನಿಮ್ಮ ಮಾತನ್ನು ನಂಬಿದ್ದ. ನನಗೆ ಎದೆ ಒಡೆದುಹೋಗುವುದು ಇಲ್ಲಿಯೇ. ಹೊಡೆತಕ್ಕೂ ಬಾಯಿ ಬಿಡದವರು ನನ್ನ ಮುಂದೆಯೂ ಬಿಡಲಿಲ್ಲ. ನಿಮ್ಮ ಎಂಟು ದಿನ ಮುಗಿಯಲೇ ಇಲ್ಲ. ಅವರು ಪ್ರತಿ ವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಮ್ಮ ಠಾಣೆಗೆ ಹೊರಡುತ್ತಿದ್ದರು, ಬರಿಗೈಯಲ್ಲಿ ಬರುತ್ತಿದ್ದರು. “ಮುಂದಿನ ವಾರ ಅಂದಾರ,” ಎನ್ನುತ್ತಿದ್ದರು. ನವರಾತ್ರಿಗೆ ಮುಂಚೆ ಒಂದು ಮುಂಜಾನೆ ಹಾಗೆಯೇ ಹೊರಟವರು ಬಸ್ ಸ್ಟ್ಯಾಂಡಿನ ಸಿಮೆಂಟ್ ಕಟ್ಟೆಯ ಮೇಲೆ ಕುಳಿತು, ಪಕ್ಕದವರ ಹೆಗಲಿಗೆ ಒರಗಿದರಂತೆ. ಆ ಪುಣ್ಯಾತ್ಮ ಇವರಿಗೆ ನಿದ್ದೆ ಹತ್ತಿರಬೇಕೆಂದು ಬಸ್ಸು ಬರುವವರೆಗೂ ಅಲುಗಾಡದೆ ಕೂತಿದ್ದನಂತೆ. ಡಾಕ್ಟರು ಹೃದಯ ನಿಂತಿತು ಎಂದರು. ನೀವು ಕೊಂದಿರಿ ಎಂದು ನಾನು ಹೇಳುವುದಿಲ್ಲ, ಹೃದಯ ಅವರಿಗೆ ಮೊದಲಿನಿಂದಲೂ ನೆಟ್ಟಗಿರಲಿಲ್ಲ. ಆದರೆ ಅವರು ಕೊನೆಗೆ ಹೊರಟದ್ದು ನಿಮ್ಮ ಬಾಗಿಲಿಗೆ. ಅದನ್ನಾದರೂ ನೀವು ತಿಳಿದಿರಿ.

ಗಂಡ ತೀರಿದ ಮೇಲೆ ಹೊಸ್ತಿಲು ದಾಟದೆ ಮನೆಯಲ್ಲೇ ಕೂರಬೇಕಾದ ಇದ್ದತ್ತಿನ ದಿನಗಳನ್ನು ಕೂಡ ಪೂರ್ತಿ ಕೂರಲಾಗಲಿಲ್ಲ ನನಗೆ. ಆ ಪಾಪ ನನ್ನ ತಲೆಯ ಮೇಲಿರಲಿ. ಠಾಣೆಗೆ ಬಂದೆ. ಬಾಗಿಲ ಒಳಗಿನ ಮೇಜಿನ ಹಿಂದೆ ಕುಳಿತಿದ್ದ ಪೇದೆಯನ್ನು ಕೇಳಿದೆ. “ಮೇಡಮ್ಮಾರ, ಅದು ಪರೀಕ್ಷೆಗೆ ಮ್ಯಾಲ ಹೋಗೈತ್ರಿ,” ಎಂದ. ಮೇಲೆ ಅಂದರೆ ಎಲ್ಲಿ ಎಂದು ಕೇಳಿದರೆ ಫ್ಯಾನಿನ ಕಡೆ ಕೈ ತೋರಿಸಿದ. ನನ್ನ ಗಂಡನೂ ಅಲ್ಲಿಗೇ ಹೋಗಿದ್ದಾರಪ್ಪ, ಅವರನ್ನೇ ವಿಚಾರಿಸಲೇ ಎಂದೆ. ಪಾಪ, ಹುಡುಗ ಎದ್ದು ಒಳಗೆ ಹೋದ. ಆಮೇಲೆ ನೀವೇ ಒಳಗಿನಿಂದ ಬಂದಿರಿ. ನೀವು ಆಡಿದ ಮಾತು ನನಗೆ ಬಾಯಿಪಾಠವಾಗಿದೆ: “ಕೇಸು ಇದ್ದಿದ್ರ ಕೋರ್ಟಿನಾಗ ಅರ್ಜಿ ಹಾಕಿ ಬಿಡಿಸ್ಕೊಳ್ಳಾಕ ಬರ್ತಿತ್ತು. ಕೇಸ ಇಲ್ಲಂದ್ಮ್ಯಾಲ ಹೆಂಗ ಬಿಡೋದ್ರೀ?” ಅಂದರೆ ನನ್ನ ಗಂಡ ಏನಾದರೂ ಅಪರಾಧ ಮಾಡಿದ್ದರೆ ಯಂತ್ರ ವಾಪಸು ಸಿಗುತ್ತಿತ್ತು. ನಿರಪರಾಧಿಯಾಗಿದ್ದದ್ದೇ ಅವರ ತಪ್ಪಾಯಿತು. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ಇಂಥ ತರ್ಕವನ್ನು ಎರಡನೇ ಇಯತ್ತೆಯ ಮಗು ಬರೆದರೂ ನಾನು ಸೊನ್ನೆ ಹಾಕುತ್ತಿದ್ದೆ.

ನಿಮ್ಮನ್ನು ಬಿಟ್ಟು ನಾನೇ ಹುಡುಕಲು ಹೊರಟೆ. ಮಸ್ಕಿಯ ಸುತ್ತಲಿನ ಒಂದೊಂದೇ ಗುಡ್ಡ ಹತ್ತಿ, ಪೇರಿಸಿದ ನಾಲ್ಕು ಕಲ್ಲಿಗಾಗಿ ಕಣ್ಣು ಹಾಯಿಸಿದೆ. ಒಂದು ಗುಡ್ಡದ ಮೇಲೆ ಕೊನೆಗೂ ಕಂಡಿತು. ಓಡಿದೆ. ಅದರಾಚೆ ಇನ್ನೊಂದಿತ್ತು. ಅದರ ಪಕ್ಕ ಮತ್ತೊಂದು. ತಲೆಯೆತ್ತಿ ನೋಡಿದರೆ ಇಡೀ ಇಳಿಜಾರಿನ ತುಂಬ ನಾಲ್ಕು ನಾಲ್ಕು ಕಲ್ಲಿನ ಪೇರಿಕೆಗಳು! ನನಗೇ ಹುಚ್ಚು ಹಿಡಿಯಿತೇ ಎಂದು ಕೂತುಬಿಟ್ಟೆ. ಅಲ್ಲಿ ಆಡು ಮೇಯಿಸುತ್ತಿದ್ದ ಮುದುಕಮ್ಮ ಎಂಬಾಕೆ ಹತ್ತಿರ ಬಂದಳು.

“ಯಾಕ ಕುಂತೀರಿ ಅಕ್ಕಾರ? ನೀವೂ ಮನಿ ಬೇಡಾಕ ಬಂದೀರೇನ್ರಿ?”

“ಈ ಕಲ್ಲು ಯಾರವ್ವ ಇಟ್ಟೋರು?”

“ಕಾರಹುಣ್ಣಿವಿ ಮುಂದ ಯಾರೋ ಒಬ್ರು ಬೇಡಿಕೊಂಡು ಒಂದು ಇಟ್ಟು ಹೋಗ್ಯಾರ್ರಿ. ಅದನ್ನ ನೋಡಿ ನಾನೊಂದು ಇಟ್ಟೆ. ನನಗ ಜನತಾ ಮನಿ ಮಂಜೂರಾತು! ಆಮ್ಯಾಲ ಊರ ಮಂದಿಯೆಲ್ಲಾ ಬಂದು ಇಟ್ಟಾರ ನೋಡ್ರಿ.”

ನಮ್ಮ ಕಡೆ ಮನೆ ಬೇಕೆಂದು ಹರಸಿಕೊಳ್ಳುವವರು ಗುಡ್ಡದ ಮೇಲೆ ಹೀಗೆ ಕಲ್ಲು ಪೇರಿಸುತ್ತಾರೆ. ನಿಮಗೂ ಗೊತ್ತಿರುತ್ತದೆ. ನನ್ನ ಗಂಡ ಹೆಂಡತಿಗೆಂದು ಇಟ್ಟ ಗುರುತನ್ನು ಜನ ಹರಕೆ ಎಂದುಕೊಂಡಿದ್ದರು. ನೀವು ದ್ರೋಹಿ ಎಂದು ಅನುಮಾನಪಟ್ಟ ಮನುಷ್ಯನ ಕಲ್ಲನ್ನು ನೋಡಿ ಊರಿಗೆ ಊರೇ ಮನೆ ಬೇಡಿಕೊಂಡಿದೆ. ನಾವಿಬ್ಬರೂ ಹುಟ್ಟಿದಾಗಿನಿಂದ ಬಾಡಿಗೆ ಮನೆಯಲ್ಲಿ ಇದ್ದವರು ಎಂದು ನೆನೆದು ಅಲ್ಲಿಯೇ ನಕ್ಕೆ, ನಗುತ್ತ ನಗುತ್ತ ಅಳು ಬಂತು. ಮೊದಲನೆಯದು ಯಾವುದೆಂದು ಕೇಳಿದೆ. “ಅದೀಗ ಯಾರಿಗೆ ಗೊತ್ರಿ,” ಎಂದಳು. ಒಂದೊಂದನ್ನೇ ಕಿತ್ತು ನೋಡಿದರಾಯಿತು ಎಂದು ಹತ್ತಿರದ ಪೇರಿಕೆಗೆ ಕೈ ಹಾಕಿದೆ. ಮುದುಕಮ್ಮ ಓಡಿಬಂದು ನನ್ನ ಮುಂಗೈ ಹಿಡಿದಳು. “ಬ್ಯಾಡ್ರಿ ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೀನಿ. ಅದು ಯಾರ್ದೋ ಮನಿ ಐತ್ರಿ.”

ಕೈ ಹಿಂದಕ್ಕೆ ತೆಗೆದುಕೊಂಡೆ. ಯಾರಿಗೂ ಹೇಳದೆ ಮತ್ತೊಂದು ದಿನ ಹೋಗಿ ಎಲ್ಲವನ್ನೂ ಕೆಡವಬಹುದಿತ್ತು. ನನ್ನಿಂದ ಆಗಲಿಲ್ಲ. ಇನ್ನೊಬ್ಬರ ವಸ್ತುವನ್ನು ಕಾರಣವಿಲ್ಲದೆ ಕಿತ್ತುಕೊಂಡರೆ ಹೇಗಿರುತ್ತದೆ ಎಂಬುದು ನಿಮ್ಮ ಕೃಪೆಯಿಂದ ನನಗೆ ಚೆನ್ನಾಗಿ ಗೊತ್ತು.

ಆದ್ದರಿಂದ ನನಗೆ ಆ ಅಂಕಿಗಳು ಬೇಕು. ಅವು ಸಿಕ್ಕರೆ ಇಡೀ ಗುಡ್ಡ ಬೇಡ, ಒಂದು ಓಣಿಯಷ್ಟು ಜಾಗ ನೋಡಿದರೆ ಸಾಕು. ಅಲ್ಲಿರುವ ನಾಲ್ಕಾರು ಪೇರಿಕೆಗಳನ್ನು ಮುದುಕಮ್ಮನ ಎದುರಿಗೇ ಎತ್ತಿ, ನೋಡಿ, ಇದ್ದ ಹಾಗೆಯೇ ಮತ್ತೆ ಇಡುತ್ತೇನೆ, ಆಕೆ ಒಪ್ಪಿದ್ದಾಳೆ. ತಡ ಮಾಡಬೇಡಿ. ಸೆಲ್ ತೀರಿದ ಮೇಲೆ ಒಳಗಿರುವ ಪುಟ್ಟ ಬ್ಯಾಟರಿಯ ಬಲದಿಂದ ಯಂತ್ರ ಕೆಲವು ತಿಂಗಳಷ್ಟೇ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಎಲ್ಲ ಅಳಿಸಿಹೋಗುತ್ತದೆ ಎಂದು ಅವರು ಹೇಳುತ್ತಿದ್ದರು. ನೀವು ಹೊಸ ಸೆಲ್ ಹಾಕಿರಲಾರಿರಿ. ನಿಮ್ಮ ಕಪಾಟಿನ ಕತ್ತಲಲ್ಲಿ ಅದು ನನ್ನ ಗಂಡನ ಕೊನೆಯ ಮಾತನ್ನು ದಿನಕ್ಕಿಷ್ಟಿಷ್ಟು ಮರೆಯುತ್ತಿರಬಹುದು.

ಯಂತ್ರ ಕೊಡಲು ನಿಮ್ಮ ಕಾಯಿದೆ ಬಿಡದಿದ್ದರೆ ಅದನ್ನು ನೀವೇ ಇಟ್ಟುಕೊಳ್ಳಿ. ನಾಲ್ಕು ಪೆನ್ ಸೆಲ್ ನಾನೇ ತರುತ್ತೇನೆ. ನಿಮ್ಮ ಮೇಜಿನ ಮೇಲೆ, ನಿಮ್ಮ ಕಣ್ಣೆದುರಿಗೆ ಹಾಕಿ, ಎರಡು ಸಾಲು ಓದಿಕೊಂಡು ಎದ್ದು ಬರುತ್ತೇನೆ. ಹಟ್ಟಿ ಗಣಿಯಲ್ಲಿ ಸರ್ವೆ ಕೆಲಸ ಮಾಡುವ ಬಾಲಪ್ಪನವರು ಆ ಅಂಕಿಗಳನ್ನು ನಕ್ಷೆಯಲ್ಲಿ ಗುರುತು ಮಾಡಿಕೊಡಲು ಒಪ್ಪಿದ್ದಾರೆ.

ಇನ್ನು ಕೊನೆಯ ಮಾತು. ಗುಡ್ಡದಲ್ಲಿ ಡಬ್ಬಿ ಇದೆ ಎಂದು ಈಗ ಬಹಿರಂಗವಾಗಿ ಹೇಳಿಬಿಟ್ಟಿದ್ದೇನೆ. ಅವರು ಹೊಡೆತ ತಿಂದು ಕಾಪಾಡಿದ ಗುಟ್ಟನ್ನು ನಾನು ಪತ್ರ ಬರೆದು ಬಿಟ್ಟುಕೊಟ್ಟಿದ್ದೇನೆ, ಬೇರೆ ದಾರಿ ಉಳಿದಿರಲಿಲ್ಲ. ನಿಮಗೆ ಅನುಮಾನ ಬಂದರೆ ಜೀಪು ತೆಗೆಯಿರಿ, ನಾಯಿ ತನ್ನಿ, ಬಾಂಬು ನೋಡುವವರನ್ನೂ ಕರೆಯಿರಿ. ಡಬ್ಬಿಯನ್ನು ನೀವೇ ತೆರೆಯಿರಿ, ಒಳಗಿರುವುದನ್ನೂ ಬೇಕಾದರೆ ಜಪ್ತಿ ಮಾಡಿ. ಆದರೆ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ, ಕಲ್ಲಿನ ಹತ್ತಿರ ಬಂದಾಗ ನಿಮ್ಮವರೆಲ್ಲ ಒಂದು ಹತ್ತು ಹೆಜ್ಜೆ ಹಿಂದೆ ನಿಲ್ಲಲಿ. ಹುಡುಕುವವಳು ನಾನು. ಸಿಕ್ಕರೆ ನೀ ನಗ್ತಿ ಎಂದು ಹೇಳಿ ಹೋಗಿದ್ದಾರೆ, ಒಂದು ಸಲ ನಕ್ಕುಬಿಡುತ್ತೇನೆ.

ಇಂತಿ,
ಇನ್ನೂ ಆಟ ಮುಗಿಸದ,
ನಜಮಾ ಟೀಚರ್
(ಜಿಲಾನಿಸಾಬರ ಹೆಂಡತಿ; ‘ದಿವಂಗತ’ ಎಂದು ಬರೆಯಲು ಇನ್ನೂ ಕೈ ಬರುವುದಿಲ್ಲ)
ಸಿಂಧನೂರು, ಡಿಸೆಂಬರ್ ೧೯೯೯