ನೀರಿಗೆ ನಾನು ಸೇರಿಸಿದ ಎರಡು

ಆಮ್ಲ ಕ್ಷಾರ ಲವಣಗಳ ಮಹಾಮಂಡಲಾಧೀಶ್ವರರೂ ಸಕಲ ಸಂಯುಕ್ತಗಳಿಗೆ ನಾಮಕರಣ ಮಾಡಿದ ಪುರೋಹಿತೋತ್ತಮರೂ ಆದ ಸ್ವರ್ಗಸ್ಥ ಅನಂತಪದ್ಮನಾಭ ಮಾಸ್ಟ್ರ ದಿವ್ಯ ಪಾದಗಳಿಗೆ, ಹತ್ತನೇ ತರಗತಿಯ ಅಲೋಶಿಯಸನ ಸಾಷ್ಟಾಂಗ ನಮಸ್ಕಾರಗಳು.

ಇವತ್ತಿನ ವರದಿ ಒಪ್ಪಿಸುತ್ತಿದ್ದೇನೆ. ನಿಮ್ಮ ಜಾಗಕ್ಕೆ ಬಂದ ನರ್ಮದಾ ಟೀಚರ್, ಜಲಜನಕ ಮತ್ತು ಆಮ್ಲಜನಕ ಸೇರಿ ನೀರಾಗುವ ಸಮೀಕರಣವನ್ನು ಬೋರ್ಡಿನಲ್ಲಿ ಬರೆದು, ಸರಿದೂಗಿಸಲು ನನ್ನನ್ನು ಕರೆದರು. ನಾನು ಜಲಜನಕದ ಎಡಕ್ಕೊಂದು, ನೀರಿನ ಎಡಕ್ಕೊಂದು ಎರಡು ಹಾಕಿದೆ.

"ಶಾಬಾಸ್! ಕೆಳಗಿನ ಅಂಕಿ ಮುಟ್ಟಲಿಲ್ಲ, ಅಲ್ವಾ?" ಎಂದರು.

ಹಿಂದಿನ ಬೆಂಚಿನಿಂದ ಸಿಲ್ವೆಸ್ಟರ್ ಕೂಗಿದ: "ಎಂತ ಟೀಚರ್, ನಿಮಗೆ ಗೊತ್ತಿಲ್ವಾ? ಇನ್ಸ್‌ಪೆಕ್ಟರ್ ಬಂದ ದಿನ ನೀರಿನ ಕೆಳಗೆ ಎರಡು ಬರೆದು ಮಾಸ್ಟ್ರ ಮರ್ಯಾದೆ ತೆಗೆದವ ಇವನೇ!"

ತರಗತಿಯಿಡೀ ನಕ್ಕಿತು. ನಾನೂ ಎದೆ ಮುಟ್ಟಿ, ಬಗ್ಗಿ ವಂದಿಸಿದೆ.

ಆ ದಿನ ಶಾಲಾ ಇನ್ಸ್‌ಪೆಕ್ಟರು ಬೋರ್ಡು ನೋಡಿ, "ಏನ್ರೀ, ಇದು ಹೈಡ್ರೋಜನ್ ಪೆರಾಕ್ಸೈಡ್! ಗಾಯ ತೊಳೆಯುವ ಔಷಧಿಯನ್ನು ಮಕ್ಕಳಿಗೆ ಕುಡಿಸ್ತೀರಾ?" ಎಂದಾಗ ನೀವು ಒಮ್ಮೆ ನನ್ನನ್ನು ನೋಡಿದಿರಿ. ಮತ್ತೆ "ತಪ್ಪು ನನ್ನದೇ ಸಾರ್" ಎಂದಿರಿ. ಬಜಗೋಳಿಯ ಶಾಲೆಗೆ ವರ್ಗವಾಗಿ ಹೋಗುವವರೆಗೂ ನೀವು ನನಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಮೇಲೆ ಅಲ್ಲಿಂದ ಬಂದದ್ದು ನಿಮ್ಮ ಸಾವಿನ ಸುದ್ದಿ.

ಮಾಸ್ಟ್ರೇ, ಅದು ಕೀಟಲೆ ಆಗಿರಲಿಲ್ಲ. ಊಟದ ಬಿಡುವಿನಲ್ಲಿ ನೀವು ಬೋರ್ಡಿನಲ್ಲಿ ಬರೆದಿಟ್ಟ ಇದೇ ಸಮೀಕರಣವನ್ನು ಎಣಿಸಿ ನೋಡಿದೆ. ಎಡಗಡೆ ಆಮ್ಲಜನಕ ಎರಡಿತ್ತು, ಬಲಗಡೆ ಒಂದೇ. ನೀವು ಮರೆತಿದ್ದೀರಿ ಎಂದುಕೊಂಡು, ಇನ್ಸ್‌ಪೆಕ್ಟರ ಎದುರು ನಿಮ್ಮ ಮಾನ ಉಳಿಯಲಿ ಎಂದು ನಾನೇ ನೀರಿನ ಆಮ್ಲಜನಕದ ಕೆಳಗೆ ಎರಡು ಬರೆದೆ. ದಡ್ಡ ಎನ್ನಿಸಿಕೊಳ್ಳುವುದಕ್ಕಿಂತ ಪೋಕರಿ ಎನ್ನಿಸಿಕೊಳ್ಳುವುದು ವಾಸಿ ಎಂದು ಅಂದಿನಿಂದ ಸುಮ್ಮನಿದ್ದೇನೆ.