ಸದ್ದು ಮಾಡದ ಕೀಬೋರ್ಡು

ಹೊಲಿಗೆ ಅಂಗಡಿಯಿಂದ,
ತಾರೀಖು ಹದಿನಾಲ್ಕು, ಮಧ್ಯಾಹ್ನ

ತಮ್ಮಾ,

ಮೊದಲು "ಪ್ರೀತಿಯ" ಅಂತ ಬರೆದಿದ್ದೆ, ಆಮೇಲೆ ಆ ಹಾಳೆ ಹರಿದು ಹಾಕಿದೆ. ನಿನ್ನ ಬೆನ್ನುನೋವು ಹೇಗಿದೆ? ವಾಸಿಯಾಗಿರಲಿ. ಜಗಳ ಆಡುವಾಗ ಎದುರಿಗಿರುವವನು ಗಟ್ಟಿಮುಟ್ಟಾಗಿರಬೇಕು, ಇಲ್ಲದಿದ್ದರೆ ನಡುವೆ ನನಗೇ ಪಾಪ ಅನ್ನಿಸಿಬಿಡುತ್ತದೆ. ನಿನ್ನ ಹೆಂಡತಿ ಚೆನ್ನಾಗಿದ್ದಾಳಾ? ಮಗುವಿಗೆ ಹಲ್ಲು ಬರುವಾಗ ಜ್ವರ ಬಂದಿತ್ತಂತೆ, ಈಗ ಹೇಗಿದ್ದಾನೆ? ಆ ಕೂಸಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇರುವುದೆಲ್ಲ ನಿನ್ನ ಮೇಲೆ. ಫೋನಿನಲ್ಲಿ ಹೇಳೋಣವೆಂದರೆ ನಾನು ಬಾಯಿ ತೆರೆಯುವಷ್ಟರಲ್ಲಿ "ಅಕ್ಕಾ, ಮೀಟಿಂಗಲ್ಲಿದೀನಿ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ನಿನ್ನ ಆ ಆಮೇಲೆ ಇವತ್ತಿನವರೆಗೆ ಬಂದಿಲ್ಲ. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ. ಕೂತು ಓದು.

ಹೋದ ವಾರ ಫೋನಿನಲ್ಲಿ ನೀನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಅಕ್ಕಾ, ಪುಟ್ಟಿಗೆ ಹದಿನೈದು ತುಂಬುತ್ತಲ್ಲ, ಒಂದೊಳ್ಳೆ ಕೀಬೋರ್ಡು, ಮೌಸು ನೋಡಿ ಕೊಡ್ಸು. ಮೆಕ್ಯಾನಿಕಲ್ ಅಂತ ಬರುತ್ತಂತೆ, ಅದು. ಬಟ್ಟೆ ಆದ್ರೆ ಅಳತೆ ಗಿಳತೆ ರಗಳೆ, ಇದಕ್ಕೆ ಅದೆಲ್ಲ ಇಲ್ಲ. ಸದ್ದು ಮಾಡದೇ ಇರೋದು ತಗೋ." ಅವಳಿಗೆ ತುಂಬುವುದು ಹದಿನಾರು ಕಣಯ್ಯಾ. ಅದೂ ಇರಲಿ. ಫೋನು ಇಡುವ ಮೊದಲು ಇನ್ನೊಂದು ಮಾತು ಸೇರಿಸಿದೆಯಲ್ಲ, "ಹಾಗೇ ಕೇಳಿ ನೋಡು, ಪರೀಕ್ಷೆ ಮುಗಿದ್ಮೇಲೆ ಇಲ್ಲೇ ಬಂದು ಇರ್ತಾಳಾ ಅಂತ." ತರಕಾರಿ ತರುವಾಗ ಹಾಗೇ ಒಂದು ಬೆಂಕಿಪೊಟ್ಟಣವನ್ನೂ ತಾ ಅನ್ನುವ ಹಾಗೆ! ಅವಳ ಅಮ್ಮ ತೀರಿಕೊಂಡ ಮೇಲೆ, "ಎರಡು ತಿಂಗಳು ನೋಡ್ಕೋ ಅಕ್ಕಾ" ಎಂದು ಆರು ವರ್ಷದ ಮಗುವನ್ನು ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂರಿಸಿ ಹೋದವನು ನೀನು. ಆ ಎರಡು ತಿಂಗಳು ಇನ್ನೂ ಮುಗಿದಿಲ್ಲ. ಈಗ ದೊಡ್ಡ ಮನೆ ಮಾಡಿದ್ದೀಯ, ಒಂದು ಕೋಣೆ ಖಾಲಿ ಇದೆ, ಅದಕ್ಕೆ ಮಗಳ ನೆನಪಾಗಿದೆ.

ಅಳತೆಯ ರಗಳೆ ಇಲ್ಲ ಅಂದೆಯಲ್ಲ, ಆ ಮಾತಿಗೆ ನನ್ನ ಮೈ ಉರಿದುಹೋಯಿತು. ನೀನು ಹೋದ ಸಲ ಕಳಿಸಿದ ಅಂಗಿ ಅವಳ ಮೊಣಕೈ ದಾಟಲಿಲ್ಲ. ಅದರ ಹಿಂದಿನ ಸಲ ಬಂದ ಬೂಟು ಪಕ್ಕದ ಮನೆಯ ಎಂಟು ವರ್ಷದ ಪೋರನಿಗೆ ಸರಿಹೋಯಿತು. ನಿನ್ನ ತಲೆಯಲ್ಲಿ ಅವಳು ಬೆಳೆಯುವುದನ್ನೇ ನಿಲ್ಲಿಸಿಬಿಟ್ಟಿದ್ದಾಳೆ. ನಿನ್ನ "ಪುಟ್ಟಿ" ಈಗ ನನ್ನ ಅಂಗಡಿಯ ಷಟರ್ ಅರ್ಧ ಎಳೆದಿದ್ದರೆ ಬಗ್ಗಿ ಒಳಗೆ ಬರುತ್ತಾಳೆ. ನಾನು ಶಾಲೆ ಮಕ್ಕಳ ಬಟ್ಟೆ ಹೊಲಿದೇ ಹೊಟ್ಟೆ ಹೊರೆದವಳು, ಮಕ್ಕಳ ಬಟ್ಟೆಗೆ ಒಳಗಡೆ ಮಡಿಕೆ ಬಿಡದೆ ಯಾವತ್ತೂ ಹೊಲಿದಿಲ್ಲ, ಬೆಳೆದ ಹಾಗೆ ಬಿಚ್ಚಬೇಕಲ್ಲ ಅಂತ. ನಿನಗೆ ಆ ಯೋಚನೆಯೇ ಬರುವುದಿಲ್ಲ. ಸರಿ, ಅಳತೆ ಬೇಡದ ಉಡುಗೊರೆ ಹುಡುಕಿ ನೀನು ಬಚಾವಾದೆ ಅಂದುಕೊಂಡು ಕಂಪ್ಯೂಟರ್ ಅಂಗಡಿಗೆ ಹೋದೆ. ಕೂದಲಿಗೆ ನೀಲಿ ಬಣ್ಣ ಹಾಕಿಕೊಂಡ ಹುಡುಗ ಕೌಂಟರಿನಲ್ಲಿದ್ದ. ನಮ್ಮ ಹುಡುಗಿಗೆ ಒಂದು ಮೌಸ್ ತೋರಿಸು ಅಂದೆ. ಅವನು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? "ಆಂಟಿ, ಅವರ ಕೈ ಎಷ್ಟುದ್ದ ಇದೆ?" ನಾನು ಅಂಗಡಿಯ ನಡುವೆಯೇ ಗಹಗಹಿಸಿ ನಕ್ಕುಬಿಟ್ಟೆ. ಅವನು ಹೆದರಿ ಒಂದು ಲೋಟ ನೀರು ತಂದುಕೊಟ್ಟ, ಪಾಪ.

ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿವರೆಗೆ ಅಳೆಯಬೇಕಂತೆ. ಉದ್ದ ಕೈಯವರಿಗೆ ಚಿಕ್ಕ ಮೌಸ್ ಕೊಟ್ಟರೆ ಬೆರಳು ಮುದುರಿ ನೋವು ಬರುತ್ತದಂತೆ. ಮನೆಗೆ ಬಂದು ಹುಡುಗಿಗೆ ಕೈಗವಸು ಹೊಲಿಯುತ್ತೇನೆ, ಕೈ ಕೊಡು ಅಂತ ಸುಳ್ಳು ಹೇಳಿದೆ. "ಈ ಸೆಕೆಗೆ ಯಾರಾದ್ರೂ ಗ್ಲೌಸ್ ಹಾಕ್ತಾರಾ ಅತ್ತೆ?" ಅಂದಳು, ಆದರೂ ಕೈ ಚಾಚಿದಳು. ಅವಳ ಅಂಗೈ ನನ್ನದಕ್ಕಿಂತ ದೊಡ್ಡದಾಗಿದೆ. ಬೆರಳು ನಿನ್ನವೇ, ಅದೇ ಗಂಟು, ಅದೇ ಸೊಟ್ಟ ಕಿರುಬೆರಳು. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು. ನೀನು ಬಿಟ್ಟುಹೋದ ಹಳೇ ಕಂಪ್ಯೂಟರಿನ ಕೀಬೋರ್ಡಿನಲ್ಲೇ ಅವಳು ಇಷ್ಟು ದಿನ ಕುಟ್ಟಿದ್ದು. ಒಂದು ಕೀಲಿ ಕಿತ್ತುಬಂದಾಗ ಅಲ್ಲಿಗೆ ಕೋಟಿನ ಗುಂಡಿಯೊಂದನ್ನು ಅಂಟಿಸಿಕೊಂಡಿದ್ದಾಳೆ, ಕೆಂಪು ಗುಂಡಿ. ಒಂದು ದಿನವೂ ಹೊಸದು ಬೇಕು ಅಂತ ಬಾಯಿಬಿಟ್ಟು ಕೇಳಲಿಲ್ಲ. ಕಂಪ್ಯೂಟರಿನಲ್ಲಿ ಗೆಳೆಯರ ಜೊತೆ ಆಟ ಆಡುವಾಗ ಮಾತ್ರ ಬಾಯಿಗೆ ಲಂಗುಲಗಾಮಿಲ್ಲ. ನನ್ನ ಮೋಟಾರು ಮಿಷನ್ ಈ ಕಡೆ ಗುರ್ ಎನ್ನುತ್ತಿದ್ದರೆ ಅಂಗಡಿ ಹಿಂದಿನ ಮನೆಯಿಂದ "ಹಿಂದೆ ಬಾರೋ ದಡ್ಡಾ, ಹಿಂದೆ ಬಾ!" ಎಂದು ಕಿರುಚುತ್ತಾಳೆ. ಬಟ್ಟೆ ಕೊಡಲು ಬಂದ ಗಿರಾಕಿಗಳು ತಮಗೇ ಅಂದಳೇನೋ ಅಂತ ಹಿಂದೆ ಸರಿದದ್ದೂ ಉಂಟು.

ಈಗ ಸದ್ದಿನ ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರ್ ಅಂಗಡಿಯ ಆ ಹುಡುಗ ಒಂದು ಸಣ್ಣ ಪಟ್ಟಿ ತೋರಿಸಿದ, ಅದರ ಮೇಲೆ ನಾಲ್ಕಾರು ಕೀಲಿಗಳು, ಒಂದೊಂದರ ಕೆಳಗೂ ಒಂದೊಂದು ಸ್ಪ್ರಿಂಗು. ಕೆಂಪು ಬಣ್ಣದ್ದು ಒತ್ತಿದರೆ ಮೆತ್ತಗೆ ಕೆಳಗೆ ಹೋಗುತ್ತದೆ, ಉಸಿರೂ ಇಲ್ಲ. ನೀಲಿಯದು ಒತ್ತಿದರೆ ಟಕ್ ಅನ್ನುತ್ತದೆ, ಪಕ್ಕದ ಕೋಣೆಗೆ ಕೇಳಿಸುವ ಹಾಗೆ. ನನ್ನ ಮನೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಮಿಷನ್ ಓಡುತ್ತದೆ, ಇಲ್ಲಿ ಕೀಬೋರ್ಡಿನ ಸದ್ದು ಯಾರ ಕಿವಿಗೆ ಬೀಳಬೇಕು? ನೀನು "ಸದ್ದು ಮಾಡದೇ ಇರೋದು" ಅಂದಾಗಲೇ ಇದು ಯಾವ ಮನೆಗೆ ಹೊರಟ ಕೀಬೋರ್ಡು ಅಂತ ನನಗೆ ಅರ್ಥವಾಯಿತು. ಹೋದ ವರ್ಷ ರಜೆಗೆಂದು ನಿನ್ನ ಮನೆಗೆ ಬಂದವಳು ರಜೆ ಮುಗಿಯುವ ಮೊದಲೇ ವಾಪಸು ಬಂದಳಲ್ಲ, ಯಾಕೆ ಅಂತ ನೀನು ಕೇಳಲಿಲ್ಲ. ನಾನು ಕೇಳಿದೆ. "ಮಾತಾಡಿದ್ರೆ ಶ್, ನಕ್ರೆ ಶ್, ಬಾಗಿಲು ಹಾಕಿದ್ರೂ ಶ್. ಪಾಪು ಮಲಗಿತ್ತು ಅತ್ತೆ" ಅಂದಳು. ಅಲ್ಲಿಂದ ಬಂದ ಮೇಲೆ ಎಷ್ಟೋ ದಿನ ಈ ಮನೆಯಲ್ಲೂ ತುದಿಗಾಲಲ್ಲೇ ನಡೆದಳು. ಮಿಷನ್ ಪೂರ್ತಿ ಜೋರಾಗಿ ಓಡುತ್ತಿದ್ದರೂ ಪಾತ್ರೆಯನ್ನು ಮೆಲ್ಲಗೆ ಇಡುತ್ತಿದ್ದಳು. ಮಗು ಮಲಗಬೇಕು, ನಿಜ. ಆದರೆ ಅವಳೂ ನಿನ್ನ ಮಗುವೇ ಅಲ್ಲವೇನೋ?

ಅಂತೂ ನೀನು ಹೇಳಿದ ಹಾಗೆ ಸದ್ದಿಲ್ಲದ ಕೆಂಪು ಕೀಲಿಯದನ್ನೇ ತಂದಿದ್ದೇನೆ. ಮೌಸ್ ಅವಳ ಕೈಗೆ ಒಪ್ಪುವ ದೊಡ್ಡದು. ಬಟ್ಟೆ ಬೀರುವಿನಲ್ಲಿ ಬಚ್ಚಿಟ್ಟಿದ್ದೇನೆ. ನಿನ್ನ ಎರಡನೇ ಮಾತನ್ನು ಮಾತ್ರ ಅವಳ ಹತ್ತಿರ ಕೇಳಿಲ್ಲ, ಕೇಳುವುದೂ ಇಲ್ಲ. ಅವಳು ಎಲ್ಲಿಗೂ ಬರುವುದಿಲ್ಲ. ಖಾಲಿ ಕೋಣೆಯಲ್ಲಿ ಇಡಲು ಬೇರೆ ಏನಾದರೂ ಸಾಮಾನು ನೋಡಿಕೋ.

ನಿನ್ನ ಹೆಂಡತಿಗೆ ಕೇಳಿದೆನೆಂದು ಹೇಳು. ಕೂಸಿಗೆ ನನ್ನ ಆಶೀರ್ವಾದ, ಹಲ್ಲು ಗಟ್ಟಿಯಾಗಲಿ. ನಿನಗೂ ಒಳ್ಳೆಯದಾಗಲಿ, ಆದರೆ ಅದು ನನ್ನ ಕಣ್ಣೆದುರು ಆಗಬೇಕಾಗಿಲ್ಲ.

ಇಂತಿ,
ಬದಲಾಯಿಸಲು ಬರುವುದಿಲ್ಲವಾದ್ದರಿಂದ ಇನ್ನೂ ನಿನ್ನ,
ಅಕ್ಕ

ಮರೆತ ಮಾತು: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಹರಿದೆ. ಹುಡುಗಿ ಶಾಲೆಯಿಂದ ಬಂದು ಯಾರಿಗೆ ಕಾಗದ ಅಂತ ಕೇಳಿದಳು. ಅವಳ ಮುಖ ನೋಡಿಕೊಂಡು ಸುಳ್ಳು ಹೇಳಲಾಗಲಿಲ್ಲ, ನೀನು ಕೇಳಿದ್ದನ್ನು ಹೇಳಿಬಿಟ್ಟೆ. ಇಲ್ಲ ಅನ್ನುತ್ತಾಳೆ ಅಂದುಕೊಂಡಿದ್ದೆ. ಹೆಗಲಿನ ಬ್ಯಾಗು ಇಳಿಸಿ ಮೇಜಿನ ಮೇಲಿಟ್ಟಳು. ಆಮೇಲೆ, "ಹೋಗ್ತೀನಿ ಅತ್ತೆ. ಅಪ್ಪ ಅಂದ್ರೆ ಹೆಂಗಿರ್ತಾರೆ ಅಂತ ನಂಗೆ ಸರಿಯಾಗಿ ಗೊತ್ತೇ ಇಲ್ಲ. ಪಾಪುನೂ ಈಗ ನಡೀತಿರ್ಬೇಕು" ಅಂದಳು. ನನಗೆ ಅಳು ಬಂತು, ಸೂಜಿ ಚುಚ್ಚಿತು ಅಂದೆ. ಪರೀಕ್ಷೆ ಮುಗಿದ ಮೇಲೆ ನೀನೇ ಬಂದು ಕರೆದುಕೊಂಡು ಹೋಗು, ಬಸ್ಸಿಗೆ ಹತ್ತಿಸಿ ಕಳಿಸು ಅನ್ನಬೇಡ. ಕೆಂಪು ಕೀಲಿಯದನ್ನು ಈಗಷ್ಟೇ ಅಂಗಡಿಗೆ ವಾಪಸು ಕೊಟ್ಟು ಬಂದೆ. ನೀಲಿ ಕೀಲಿಯದು ತಂದಿದ್ದೇನೆ, ಅವರ ಹತ್ತಿರ ಇದ್ದದ್ದರಲ್ಲೇ ಅತಿ ಜೋರಿನದು. ಮಗು ಮಲಗಿದ್ದಾಗ ಆ ಸದ್ದನ್ನು ಏನು ಮಾಡಬೇಕೆಂದು ನೀವು ಮೂವರೂ ಕೂತು ಮಾತಾಡಿಕೊಳ್ಳಿ, ಅವಳನ್ನೂ ಸೇರಿಸಿಕೊಂಡು. ಸದ್ದು ಜಾಸ್ತಿಯಾಯಿತು ಅಂತ ನನಗೆ ಫೋನು ಮಾಡಬೇಡ. ಸದ್ದು ನಿಂತುಹೋದರೆ ಮಾಡು, ಅವತ್ತೇ ಹೊರಟು ಬರುತ್ತೇನೆ.