ಏಳನೇ ನಿಯಮ

ಮಾನ್ಯ ಟೀಚರಮ್ಮನವರಿಗೆ,

'ಐ ಬೆಗ್ ಟು ಸ್ಟೇಟ್' ಅಂತ ಶುರುಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಮುಂದಿನದು ಮರೆತಿದೆ, ಕನ್ನಡದಲ್ಲೇ ಬರೆಯುತ್ತೇನೆ.

ಮಕ್ಕಳೇ ಒಂದು ಆಟ ಕಟ್ಟಿ ನಿಯಮ ಬರೆಯಬೇಕು, ಆಡುವವರು ಬರೆದಷ್ಟನ್ನೇ ಮಾಡಬೇಕು, ಬಾಯಿಬಿಟ್ಟು ಏನೂ ಕೇಳಬಾರದು ಅಂದಿದ್ದಿರಂತೆ. ನನ್ನ ಮೊಮ್ಮಗಳು ತೀರಿಹೋದ ಅಜ್ಜಿಯ ಡಬ್ಬಿಯಿಂದ ಅಂಗಿ ಗುಂಡಿಗಳನ್ನು ತೆಗೆದು ಆಟ ಮಾಡಿದಳು. ಆಡಿ ನೋಡಿದವನು ನಾನು. ಆರನೇ ನಿಯಮ, 'ಬಿದ್ದ ಗುಂಡಿ ಎತ್ತಿಕೊಳ್ಳಿ.' ಗುಂಡಿ ಮಂಚದಡಿ ಉರುಳಿತು. ಬಗ್ಗಿದೆ, ಮಂಡಿ ಹಿಡಿದುಕೊಂಡಿತು, ಏಳಲಾಗಲಿಲ್ಲ.

"ಯಾಕ್ ತಾತಾ ಬಗ್ಗಿದೆ?"

"ನೀನೇ ಬರ್ದಿದೀಯಲ್ಲೇ."

ಅವಳು ನಗಲಿಲ್ಲ. ಕೈಕೊಟ್ಟು ಎಬ್ಬಿಸಿ, ಪೆನ್ಸಿಲ್ ಹುಡುಕಿ ಏಳನೆಯದು ಬರೆದಳು: 'ಗುಂಡಿ ಮಂಚದಡಿ ಹೋದರೆ ಮಂಡಿನೋವಿರುವವರು ಬಗ್ಗಬೇಡಿ. ಚಿಕ್ಕವರನ್ನು ಕರೆಯಿರಿ. ಅವರು ಬರುವವರೆಗೆ ಆಟ ನಿಲ್ಲಿಸಿ.'

ಮೂವತ್ತು ವರ್ಷ ಕಾರ್ಖಾನೆಯಲ್ಲಿ ಯಂತ್ರ ನಡೆಸುವ ಸೂಚನೆ ಬರೆದವನು ನಾನು. ಯಂತ್ರದ ಮುಂದೆ ನಿಲ್ಲುವವನಿಗೂ ಮಂಡಿಯಿದೆ ಅಂತ ಒಂದು ದಿನವೂ ಹೊಳೆದಿರಲಿಲ್ಲ. ಇವಳಿಗಿನ್ನೂ ಎಂಟು ವರ್ಷ. ನನ್ನವಳು ಹೋದಮೇಲೆ ನನಗೋಸ್ಕರ ಯಾರೂ ಆಟ ನಿಲ್ಲಿಸಿರಲಿಲ್ಲ.

ನೀವು ಆ ಸಾಲಿಗೆ ಕೆಂಪು ಗೀಟೆಳೆದು 'ಅನಗತ್ಯ' ಅಂದಿದ್ದೀರಿ. ಅಂಕ ಕಡಿಮೆಯಾದರೂ ಚಿಂತೆಯಿಲ್ಲ, ಶುಕ್ರವಾರದ ಆಟಗಳ ಪ್ರದರ್ಶನದಲ್ಲಿ ಅದು ಹಾಗೇ ಇರಲಿ. ಆಡುವುದಕ್ಕೆ ನಾನೂ ಬರುತ್ತೇನೆ. ಶಾಲೆಯಲ್ಲಿ ಮಂಚವಿಲ್ಲ, ಬೆಂಚಿದೆ. ದಯವಿಟ್ಟು ನಿಯಮದಲ್ಲಿ ಅದನ್ನೂ ಸೇರಿಸಲು ಅವಳಿಗೆ ನೀವೇ ಹೇಳಿ. ನಾನು ಬಾಯಿಬಿಟ್ಟರೆ, ಆಡುವವರು ಮಾತಾಡಬಾರದು ಅಂತಾಳೆ.

ಯುವರ್ಸ್ ಒಬೀಡಿಯಂಟ್ಲಿ,
ಅವಳ ತಾತ